ಒಂದೂರು ಮುಂದೆ

ಅವರು ರಾಯಚೂರಲ್ಲಿ ಹಾಡುವಾಗ ನಾನು ಮಾನ್ವಿಯಲ್ಲಿ,
ಮಾನ್ವಿಯಲ್ಲಿ ಹಾಡುವಾಗ ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದೆ
ಬಕೆಟ್ಟಿನಲ್ಲಿ ಮೈದಾ ಅಂಟು ಕಲಕುತ್ತ.
ಆರು ವರ್ಷ ಹೀಗೇ, ಒಂದೂರು ಮುಂದೆ.
ಅಂಟಿಗೆ ಮೈಲುತುತ್ತ ಹಾಕದಿದ್ದರೆ ದನ ಬಂದು
ಪೋಸ್ಟರ್ ನೆಕ್ಕಿ ತಿನ್ನುತ್ತವೆ,
ಮೊದಲು ಗಾದಿಲಿಂಗನ ಡ್ರಮ್ಮು,
ಆಮೇಲೆ ಎಸ್ತರಳ ಮುಖ.

ಇದನ್ನೆಲ್ಲ ಈಗ ಯಾಕಪ್ಪ ಕೇಳುತ್ತೀಯ?
ಕೌಲ್‌ಬಜಾರಿನ ನನ್ನ ಫ್ಲೆಕ್ಸ್ ಅಂಗಡಿಗೆ ಬಂದು
ಮೊಬೈಲು ಮುಂದಿಟ್ಟು ರೆಕಾರ್ಡ್ ಒತ್ತಿ
'ತುಂಗಾ ಥಂಡರ್ಸ್ ಬಗ್ಗೆ ಹೇಳ್ರಿ ಶೇಕ್ಷಾವಲಿ ಮಾಮಾ' ಅಂತೀಯ.
ಹೇಳ್ತೀನಿ.
ಅರ್ಧ ಸುಳ್ಳು ಇರುತ್ತೆ. ಅದೇ ನನ್ನ ನೌಕರಿಯಾಗಿತ್ತು.

ಸಿಂಗಾಪುರದ ಗಿಟಾರ್ ಅಂತ ಬರೆಸಿದವ ನಾನೇ.
ಅದು ಗುಂತಕಲ್ಲಿನ ರೈಲ್ವೆ ಕಾಲೊನಿಯಲ್ಲಿ
ರಿಟೈರಾದ ಡ್ರೈವರನೊಬ್ಬ ಮಂಚದ ಕೆಳಗಿಂದ ಎಳೆದುಕೊಟ್ಟದ್ದು.
ಎರಡು ತಂತಿ ಇರಲಿಲ್ಲ.
ಡೇನಿಯಲ್ ಮೊದಲ ಮೂರು ಶೋ ನಾಲ್ಕರಲ್ಲೇ ಮುಗಿಸಿದ.
ಯಾರೂ ಎಣಿಸಲಿಲ್ಲ.

'ರಾಕ್ ಬ್ಯಾಂಡ್' ಅಂತ ಬರೆದು ಕೊಟ್ಟೆ ಕೋಟೆ ಕೆಳಗಿನ ಪ್ರೆಸ್ಸಿಗೆ.
ಮೊಳೆ ಜೋಡಿಸುವ ವೀರಭದ್ರಾಚಾರಿಗೆ
ಅದು ಅರ್ಧಕ್ಕೆ ನಿಂತ ಪದ ಅನಿಸಿತು. ಪಾಪ, ಪೂರ್ತಿ ಮಾಡಿದ:
'ಬಂದಿದೆ! ಬಂದಿದೆ! ರಾಕ್ಷಸ ಬ್ಯಾಂಡ್!'
ಐದು ಸಾವಿರ ಹಾಳೆ. ಮತ್ತೆ ಹೊಡೆಸಲು ದುಡ್ಡಿಲ್ಲ.
ಸಿರುಗುಪ್ಪದಲ್ಲಿ ಜಟಕಾ ಹತ್ತಿ ಹಾಗೇ ಎಸೆಯುತ್ತ ಹೋದೆ.
ಟೆಂಟು ತುಂಬಿ ಹೊರಗೂ ಜನ.
'ಎಲ್ಲದಾರಲೇ ರಾಕ್ಷಸರು?' ಅಂದವರಿಗೆ
ಕೀಬೋರ್ಡಿನ ಪಾರ್ಥಸಾರಥಿಯನ್ನು ತೋರಿಸಿದೆ,
ನಲವತ್ತೈದು ಕೆಜಿ, ಸೋಡಾಬುಡ್ಡಿ ಕನ್ನಡಕ.

ಹಟ್ಟಿಯ ಕಥೆ ನಾನು ಕಂಡದ್ದಲ್ಲ.
ಚಿನ್ನದ ಗಣಿಯ ಮೈದಾನ. ಹಾಡಿನ ನಡುವೆ
ರಾತ್ರಿಪಾಳಿಯ ಸೈರನ್ ಕೂಗಿತಂತೆ.
ಡೇನಿಯಲ್ ಹಾಡು ಬಿಟ್ಟು ಅದಕ್ಕೇ ಶ್ರುತಿ ಹಿಡಿದು,
ಸೈರನ್ ನಿಂತ ಮೇಲೂ ಬಿಡಲಿಲ್ಲವಂತೆ.
ತಲೆಗೆ ದೀಪ ಕಟ್ಟಿಕೊಂಡ ಗಂಡಸರು ಗೇಟಿನಲ್ಲೇ ನಿಂತುಬಿಟ್ಟರಂತೆ.
ಫೋರ್‌ಮನ್ ಬೈದನೋ ಕುಣಿದನೋ
ಐದು ಮಂದಿ ಐದು ಥರ ಹೇಳುತ್ತಾರೆ.
ನಾನಾಗ ಲಿಂಗಸುಗೂರಿನಲ್ಲಿ ಗೋಡೆ ಹುಡುಕುತ್ತಿದ್ದೆ.

ಕಂಪ್ಲಿಯದು ಮಾತ್ರ ನಾನೇ ಕಂಡದ್ದು.
ಡ್ಯಾಮಿನ ಗೇಟು ತೆಗೆದರು, ಸೇತುವೆ ಮುಳುಗಿತು.
ಬ್ಯಾಂಡು ಗಂಗಾವತಿ ಕಡೆ, ಟಿಕೆಟ್ ಕೊಂಡವರು ಈ ಕಡೆ,
ನಡುವೆ ಕೆಂಪು ನೀರು.
ಮೂರು ಮೂರು ರೂಪಾಯಿ ಎಣಿಸಿ ವಾಪಸು ಕೊಟ್ಟೆ.
ಕಟ್ಟಕಡೆಗೆ ಅಪ್ಪನ ಹೆಗಲ ಮೇಲೊಬ್ಬ ಹುಡುಗಿ:
'ರೊಕ್ಕ ಬ್ಯಾಡ. ಅದು ಹೆಂಗ ಕೇಳಿಸ್ತೈತಿ, ಅದ್ನ ಹೇಳು.'
ಎರಡು ಜಿಲ್ಲೆಗೆ ಸಾರಿದವನಿಗೆ ಬಾಯಿ ಕಟ್ಟಿತು.
ರೈಸ್ ಮಿಲ್ಲಿನಲ್ಲಿ ಬೆಲ್ಟು ಜಾರಿದಾಗ ಚೀರುತ್ತದಲ್ಲ ಮಗಳೇ,
ಆ ಚೀರಿಗೆ ಯಾರೋ ಅಳೋದು ಕಲಿಸಿದ ಹಾಗೆ, ಅಂದೆ.
ಅವಳು ಯೋಚಿಸಿದಳು.
'ನಮ್ಮಪ್ಪ ಮಿಲ್ಲಿನಾಗ ಅದಾನ. ಅಂವ ಕೇಳ್ಯಾನ ಬಿಡು.'
ಅಪ್ಪ ಏನೂ ಅನ್ನದೆ ರೊಕ್ಕಕ್ಕೆ ಕೈಚಾಚಿದ.
ಎರಡು ಬೆರಳು ಇರಲಿಲ್ಲ.

ಎಸ್ತರ್ ಹೊಸಪೇಟೆಯಲ್ಲಿ ನರ್ಸಾದಳು. ಗಾದಿಲಿಂಗ
ಜೀನ್ಸ್ ಹೊಲಿಸುತ್ತಾನೆ, ಇಪ್ಪತ್ತು ಮಿಷನ್ನು,
'ಎಲ್ಲಾ ಒಮ್ಮೆಲೇ ಓಡಿದಾಗ ಬಾ ಮಾರಾಯಾ' ಅಂತ ಕರೆಯುತ್ತಾನೆ.
ಡೇನಿಯಲ್ ವಿಷಯ ಬೇಡ.

ಏನೋ ಒಂದು ಕ್ಯಾಸೆಟ್ ಸಿಕ್ಕಿದೆ ಅಂದೆಯಲ್ಲ,
ಮೊಬೈಲಿಗೆ ಹಾಕಿಕೊಂಡಿದ್ದೀನಿ ಅಂತ. ಹಾಕು.
ಅವರ ಒಂದು ಶೋ ಕೂಡ
ಕೊನೆತನಕ ಕೇಳಿದವನಲ್ಲ ನಾನು.

ಹಾ. ಇದು ಅವನೇ.
ಸ್ವಲ್ಪ ಜೋರು ಮಾಡು.
ನೋಡು ಈ ಕಾಲುಗಳನ್ನು,
ಮೊದಲ ಹಾಡೇ ಮುಗಿದಿಲ್ಲ,
ಆಗಲೇ ಚಪ್ಪಲಿ ಹುಡುಕುತ್ತಿವೆ.