ಹೆಪ್ಪು

ಎರ್ಸಿಲಿಯಾಳ ಕೈಗೆ ಈ ಕೆಲಸ ಹೊಸದಲ್ಲ.
ಆಡಿನ ಹಾಲು ಉಗುರುಬೆಚ್ಚಗಾದಾಗ
ಒಂದು ಚಿಟಿಕೆ ಹೆಪ್ಪು.
ಆಮೇಲೆ ಪಾತ್ರೆಯ ಮುಟ್ಟದೆ ಬಿಡಬೇಕು.

ಇದೂ ಹಾಗೆಯೇ ಅಂದೆ ನಾನು,
ಚೆಸ್ಟ್‌ನಟ್ ಮರದ ಹುಣ್ಣಿನ ಸುತ್ತ
ಬೈರಿಗೆಯಲ್ಲಿ ತೂತು ಕೊರೆಯುತ್ತ.
ತೂತಿಗೊಂದು ತುತ್ತು ಬೂಷ್ಟು,
ಮೇಲೊಂದು ಅಂಟುಪಟ್ಟಿ.

"ಔಷಧವೇ?"
ಅಲ್ಲ. ಅದೇ ಬೂಷ್ಟು.
ತೊಗಟೆ ಸೀಳಿ ಒಳನುಗ್ಗಿ
ರಸ ಹರಿಯುವ ದಾರಿಗೆ ಉರುಳು ಬಿಗಿಯುವ
ಅದೇ ಕೊಲೆಗಡುಕ.
ಇದಕ್ಕೆ ಮಾತ್ರ ಜ್ವರ ಬಂದಿದೆ:
ಒಳಗೊಂದು ವೈರಸ್ಸು ಕೂತು
ಕೊಲ್ಲುವ ಕಸುವು ಕುಡಿದಿದೆ.
ಹುಣ್ಣೊಳಗಿನ ಎಳೆ ಇದರ ಎಳೆಯ ತಾಕಿದರೆ
ನಡುವಿನ ಗೋಡೆ ಕರಗಿ ಎರಡೂ ಒಂದಾಗಿ
ಜ್ವರ ಆಚೆಗೆ ದಾಟುತ್ತದೆ.
ಮರ ತಾನೇ ಹೊಸ ತೊಗಟೆ ಹೊದೆಯುತ್ತದೆ.

ಅವಳು ನಕ್ಕಳು:
"ಕಾಯಿಲೆಗೇ ಕಾಯಿಲೆ ಹಿಡಿಸುವವರು!
ನೀವು ನಮ್ಮ ಪಾದ್ರಿಗಿಂತ ಪಾಕಡಾ."

ಅವಳಜ್ಜಿ ಕಸಿ ಕಟ್ಟಿದ ಏಳು ಮರ.
ಹೊಗೆಮನೆಯಲ್ಲಿ ಮೂರು ವಾರ ಒಣಗಿದ ಕಾಯಿ
ಹಿಟ್ಟಾಗಿ, ಚಳಿಗಾಲದ ಅಂಬಲಿಯಾಗಿ,
ಇಡೀ ಕಣಿವೆಯ ಹೊಟ್ಟೆ ತುಂಬಿದ ಕಾಲವಿತ್ತು.

ಎರಡು ವರ್ಷಕ್ಕೆ ಆರು ಮಾಗಿದವು.
ಊದಿ, ಒರಟಾಗಿ, ಮುದುಕರ ಮೊಣಗಂಟಿನಂತೆ
ವಿಕಾರವಾಗಿ, ಆದರೆ ಮಾಗಿದವು.
ಏಳನೆಯದು, ಕಲ್ಲುಗೋಡೆಯ ಪಕ್ಕದ್ದು,
ಬಾಯಿ ಮುಚ್ಚಲಿಲ್ಲ.
ತೊಗಟೆಯ ಮೇಲೆ ಕಿತ್ತಳೆ ಬಣ್ಣದ ಮೊಡವೆ.

ರೂಪಾಯಿಯಗಲ ಎನ್ನಲೇ, ಫ್ರಾಂಕಿನಗಲ ಎನ್ನಲೇ,
ಒಂದು ಬಿಲ್ಲೆ ತೊಗಟೆ ಕೆತ್ತಿ
ಬೆಲ್ಲಿಂಜೋನಾದ ಲ್ಯಾಬಿಗೆ ಒಯ್ದೆ.
ಗಾಜಿನ ತಟ್ಟೆಯ ಈ ಬದಿಗೆ ನಮ್ಮ ಜ್ವರದವನು,
ಆ ಬದಿಗೆ ಅವನು.

ಎಂಟನೆಯ ದಿನ ನಡುವೆ ಒಂದು ಬದು,
ಯಾರೂ ಉಳದ ಪಟ್ಟಿ.
ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ:
ಎಳೆಯ ತುದಿಗೆ ಎಳೆಯ ತುದಿ ಬಂದಿದೆ,
ತಾಕಿದೆ, ಬಾಗಿಲೂ ತೆರೆದಿದೆ,
ಕುಲ ಕೇಳಿದೆ.
ಹೊಂದಲಿಲ್ಲ.
ಆ ಕ್ಷಣ ಎರಡು ಕೋಣೆಗಳೂ ಸತ್ತಿವೆ,
ಜ್ವರವನ್ನು ಹೆಣದೊಳಗೇ ಹೂತು.

ಕೊಳುಕೊಡುಗೆ ಇಲ್ಲದ ಮನೆಗೆ
ರೋಗವೂ ಹೋಗದು.

ಫ್ಲೋರಿಯಾನಾ ಎಂದಳು,
ದಿನಾ ಕೋಮೊದಿಂದ ಗಡಿ ದಾಟಿ
ಕೆಲಸಕ್ಕೆ ಬರುವವಳು:
"ದಯವಿಟ್ಟು ಗಡಿಗೆ ಹೋಲಿಸಬೇಡ.
ಬೂಷ್ಟಿಗೆ ಪಾಸ್‌ಪೋರ್ಟ್ ಇಲ್ಲ."
ಸರಿ, ಹೋಲಿಸುವುದಿಲ್ಲ.

ಅದು ಕಲಿತದ್ದಲ್ಲ, ಯಾರೂ ಕಲಿಸಿದ್ದೂ ಅಲ್ಲ.
ಯಾವುದೋ ತೇವದ ಶರತ್ಕಾಲದಲ್ಲಿ
ಆಚೆ ಕಣಿವೆಯ ಕುಲವೊಂದು ಗಾಳಿಯೇರಿ ಬಂದು
ಇಲ್ಲಿಯದರೊಡನೆ ಕೂಡಿರಬೇಕು.
ಹುಟ್ಟಿದವುಗಳಲ್ಲಿ ನಮ್ಮ ಜೊತೆ ಬೆರೆಯಬಲ್ಲವು
ಜ್ವರ ಹಿಡಿದು ಮೆತ್ತಗಾದವು.
ಬೆರೆಯಲಾರದವು ಉಳಿದವು.
ಜರಡಿ ಹಿಡಿದದ್ದು ನಾವೇ,
ಊರೂರು ಅಲೆದು, ತೂತು ಕೊರೆದು,
ಒಳ್ಳೆಯ ಮನಸ್ಸಿನಿಂದ.

ಅಕ್ಟೋಬರಿನಲ್ಲಿ ಮತ್ತೆ ಹೋದೆ.
ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಹೆಣೆದದ್ದು
ಅವಳ ಮುಂದೆ ಬಿಚ್ಚಿಹೋಯಿತು.
ಎಲ್ಲ ಕೇಳಿಸಿಕೊಂಡು ಎಂದಳು:
"ಅಂದರೆ ಈ ಹಾಲಿಗೆ ಬೇರೆ ಹೆಪ್ಪು."
ಹೌದು. ಇದರ ಕುಲದ್ದೇ ಒಂದು ಸಿಗಬೇಕು,
ಅದಕ್ಕೂ ಜ್ವರ ಬರಿಸಬೇಕು,
ಅದೂ ಕೆಲವು ವರ್ಷದ ಮಾತು,
ಅಷ್ಟರಲ್ಲಿ ಇನ್ನೊಂದು ಕುಲ...
"ಹುಡುಕು. ನನಗೆ ಎಂಬತ್ತೆರಡು."

ಕಡಿಯುವ ಮರಕ್ಕೆ ಗುರುತು ಬಳಿಯುವ
ಕೆಂಪು ಬಣ್ಣದ ಡಬ್ಬಿ ಜೀಪಿನಲ್ಲಿತ್ತು.
ಅವಳು ಅದನ್ನು ನೋಡಿದ್ದಳು.
"ಈ ಸಲದ ಕಾಯಿ ಉದುರಲಿ,"
ಎಂದು ಬುಟ್ಟಿ ಮಗುಚಿ ಅದರ ಮೇಲೆ ಕೂತಳು.

ಒಣಗಿದ ಅರ್ಧ ಸುಮ್ಮನಿತ್ತು.
ಹಸಿರು ಅರ್ಧದಿಂದ ಮುಳ್ಳುಕಾಯಿ
ಒಂದು, ಸ್ವಲ್ಪ ಹೊತ್ತಿಗೆ ಇನ್ನೊಂದು,
ಕಲ್ಲಿಗೆ ಬಡಿದು ಬಿರಿಯುತ್ತಿದ್ದವು.