ಪಾದದ ಅಳತೆ

ಅರ್ಜಿಯ ನಾಲ್ಕನೆಯ ಕಲಮು: ವಿದ್ಯಾರ್ಹತೆ.
ಹುಡುಗ ಅಲ್ಲೊಂದು ಗೆರೆ ಎಳೆದಿದ್ದಾನೆ,
ಗೆರೆಯೂ ಸೊಟ್ಟ.
ಐದನೆಯದು: ಅನುಭವ.
ಅಲ್ಲಿ ಮಾತ್ರ ಜಾಗ ಸಾಲದೆ
ಅಕ್ಷರಗಳು ಅಂಚು ಹತ್ತಿ, ಹೊರಳಿ,
ಹಾಳೆಯ ಬೆನ್ನಿಗೆ ಇಳಿದಿವೆ:

ಮೂರು ವರ್ಷ. ಒಂದೇ ಕುದುರೆ. ಜೀನು ಇರಲಿಲ್ಲ.
ಹೆಸರು ಟೆಲಿ. ನಮ್ಮ ಮಾವ ಹಳೇ ಟೀವಿ ಕೊಟ್ಟು ತಂದದ್ದು.
ಫ್ಲ್ಯಾಟುಗಳ ಹಿಂದೆ, ಬಸ್ಸು ತಿರುಗುವಲ್ಲಿ, ಕಟ್ಟುತ್ತಿದ್ದೆ.
ಕ್ಯಾರೆಟ್ಟಿಗಿಂತ ಅದಕ್ಕೆ ಬಟಾಣಿ ಸಿಪ್ಪೆ ಇಷ್ಟ.
ಹೋದ ಮಂಗಳವಾರ ಕೌನ್ಸಿಲಿನವರು ಲಾರಿ ತಂದರು.
ಹತ್ತಿಸಿದ್ದು ನಾನೇ. ಅವರ ಕೈಗೆ ಅದು ಬಗ್ಗುತ್ತಿರಲಿಲ್ಲ.

ಡಬ್ಲಿನ್ನಿನಿಂದ ಬಂದ ಅರ್ಜಿ. ಕರ್ಟಿಸ್ ಗೆರಟಿ, ಹದಿನಾರು.
ಕಿಲ್ಡೇರಿನ ಈ ಜಾಕಿ ಶಾಲೆಯಲ್ಲಿ
ಇಂಥವನ್ನು ಓದುವ ಕೆಲಸ ನನ್ನದು,
ಸೊಂಟದಲ್ಲಿ ಎರಡು ಸ್ಕ್ರೂ ಕೂತಾಗಿನಿಂದ.
ನನ್ನ ವಿದ್ಯಾರ್ಹತೆ ಯಾರೂ ಕೇಳಿಲ್ಲ, ಸದ್ಯ.

ಜನ ತಿಳಿದುಕೊಂಡಿರುವುದು ಬೇರೆ. ನಿಜ ಹೇಳಲೇ?
ಕುದುರೆಯ ಮೈ ಮುಟ್ಟದವರನ್ನೂ ಸೇರಿಸಿಕೊಳ್ಳುತ್ತೇವೆ.
ಭಾಗಾಕಾರ ಬರದಿದ್ದರೂ ನಡೆಯುತ್ತದೆ,
ಓಟ್ಸ್ ಅಳೆಯಲು ಡಬ್ಬಿ ಇದೆ.
ಐದೂವರೆಗೆ ಏಳಬೇಕು. ಡಿಸೆಂಬರಿನಲ್ಲೂ.
ಲದ್ದಿ ಬಾಚಬೇಕು. ಬಿದ್ದವರು ಎದ್ದು
ಮೊದಲು ಕುದುರೆ ಎಲ್ಲಿ ಎಂದು ನೋಡಬೇಕು,
ಆಮೇಲೆ ತಮ್ಮ ಹಲ್ಲು ಎಣಿಸಿಕೊಳ್ಳಬೇಕು.
ಇಷ್ಟೆಲ್ಲ ಕಲಿಸಬಹುದು.

ಕಲಿಸಲಾಗದ್ದು ಮೂಳೆ.
ಆದ್ದರಿಂದ ತೂಗುತ್ತೇವೆ. ಮಣಿಕಟ್ಟು ಹಿಡಿದು ನೋಡುತ್ತೇವೆ.
ಅಪ್ಪನ ಎತ್ತರ ಕೇಳುತ್ತೇವೆ. ಕೆಲವರಿಗೆ ಗೊತ್ತಿರುವುದಿಲ್ಲ.
ಕೊನೆಗೆ ಪಾದ.
ಮೈ ಎಷ್ಟು ಬೆಳೆಯಲಿದೆ ಎಂಬ ಗುಟ್ಟನ್ನು
ಪಾದ ಮೊದಲೇ ಬಿಟ್ಟುಕೊಡುತ್ತದೆ.

ಗುರುವಾರ ಬಂದ. ಜೊತೆಗೆ ಅಕ್ಕ, ಅವಳ ಕಂಕುಳಲ್ಲಿ ಕೂಸು.
ಬಾಗಿಲಿಂದ ಮೇಜಿಗೆ ಏಳು ಹೆಜ್ಜೆ.
ಮೂವತ್ತು ವರ್ಷ ಕುಂಟುವ ಕುದುರೆ ನೋಡಿದ ಕಣ್ಣು ಇದು,
ಮೂರನೆಯ ಹೆಜ್ಜೆಗೇ ತಿಳಿಯಿತು:
ಎರಡೂ ಕಾಲು, ಬಲಗಡೆ ಹೆಚ್ಚು.
"ಶೂ ಬಿಚ್ಚು."
"ಆರನೇ ನಂಬರು ಮೇಡಂ, ಒಳಗೆ ಬರೆದಿದೆ ನೋಡಿ."
"ಬಿಚ್ಚಪ್ಪ."

ಹಿಮ್ಮಡಿಯ ಕಾಲುಚೀಲ ರಕ್ತಕ್ಕೆ ಅಂಟಿತ್ತು.
ಬೆರಳುಗಳು ಒಂದರ ಮೇಲೊಂದು,
ಬುಟ್ಟಿಯಲ್ಲಿ ಮಲಗಿದ ನಾಯಿಮರಿಗಳ ಹಾಗೆ.
ಅಳತೆ ಹಲಗೆಯ ಮೇಲೆ ಇಡಿಸಿದೆ. ಒಂಬತ್ತೂವರೆ.
ಅಕ್ಕ ಕಿಟಕಿಯ ಕಡೆ ತಿರುಗಿದಳು;
ಶೂ ಅವಳದೇ ಎಂದು ಆಗ ಗೊತ್ತಾಯಿತು.

ಹದಿನೈದರಲ್ಲಿ ನಾನು ಬಿಸಿನೀರಿನ ತೊಟ್ಟಿಯಲ್ಲಿ ಕೂತು
ಒಂದು ಸಂಜೆಗೆ ಎರಡು ಕಿಲೋ ಇಳಿಸಿದವಳು;
ತಕ್ಕಡಿಯ ಮೇಲೆ ಉಸಿರು ಹೊರಗೆ ಬಿಟ್ಟು ನಿಂತವಳು,
ಉಸಿರಿಗೂ ತೂಕ ಇದೆಯೆಂದು ನಂಬಿ.
ಬೈಯಲು ಬಾಯಿ ಬರಲಿಲ್ಲ.

ಅವನೇ ಕೇಳಿದ: "ಕುದುರೆಗೂ ಹೀಗೆ ಪಾದ ಅಳೀತೀರಾ?"
ನೋಡುತ್ತೇವೆ, ಅಂದೆ. ಅದರ ವಿಷಯದಲ್ಲಿ ಮಾತ್ರ
ಗೊರಸು ಸಣ್ಣದಿದ್ದರೆ ಕೊಳ್ಳುವುದಿಲ್ಲ.
ಸ್ವಲ್ಪ ಹೊತ್ತು ಯೋಚಿಸಿ
"ಟೆಲಿಯದು ದೊಡ್ಡದು," ಅಂದ. "ತಟ್ಟೆಯಷ್ಟು."

ಆರನೆಯ ಕಲಮಿನಲ್ಲಿ ಒಂಬತ್ತೂವರೆ ಎಂದೇ ಬರೆದೆ.
ಸುಳ್ಳು ಬರೆದರೆ ಎರಡು ವರ್ಷದಲ್ಲಿ ತಕ್ಕಡಿ ಹೇಳಿಬಿಡುತ್ತದೆ,
ಅದಕ್ಕೆ ದಾಕ್ಷಿಣ್ಯವಿಲ್ಲ.
ಕೆಳಗೆ, ಶಿಫಾರಸು ಎಂಬ ಕಡೆ,
ಜಾಕಿ ಎಂಬುದನ್ನು ಹೊಡೆದುಹಾಕಿ
ಲಾಯ ಎಂದು ಬರೆದೆ. ಶಾಯಿ ಆರುವ ತನಕ
ಅವನು ಅದನ್ನು ತಲೆಕೆಳಗಾಗಿ ಓದುತ್ತಿದ್ದ.
ಏನೂ ಅನ್ನಲಿಲ್ಲ.
ಟೆಲಿಯನ್ನು ಎಲ್ಲಿಗೆ ಒಯ್ದರೆಂದು
ನಾನೂ ಕೇಳಲಿಲ್ಲ.

ಆ ಶೂ ಮತ್ತೆ ಕಾಲಿಗೆ ಏರಲಿಲ್ಲ.
ಬಾಗಿಲ ಹಿಂದೆ ಯಾರೋ ಬಿಟ್ಟುಹೋದ ರಬ್ಬರ್ ಬೂಟು,
ಹತ್ತನೇ ನಂಬರು, ಮೇಲೆಲ್ಲ ಒಣಗಿದ ಕೆಸರು.
ಹಾಕಿಕೊಂಡು ಅಂಗಳ ದಾಟಿದ,
ಬಯಲಿನ ಗಾಳಿಗೆ ಎದುರಾಗಿ,
ಬೂಟು ಹೆಜ್ಜೆಹೆಜ್ಜೆಗೂ ಪಟ್ಟೆನ್ನುತ್ತಿತ್ತು.
ಕುಂಟು ಇರಲಿಲ್ಲ.

ಅಕ್ಕ ತನ್ನ ಶೂಗಳನ್ನು ಕೂಸಿನ ಚೀಲಕ್ಕೆ ತುರುಕಿ
ಕುರ್ಚಿಯನ್ನು ಇದ್ದಲ್ಲಿಗೇ ಸರಿಸಿಟ್ಟು
ಅವನ ಹಿಂದೆ ಹೊರಟಳು.