ಮೂರು ತೂತಿನ ದೋಣಿ

ಅವನನ್ನು ಹೈನಿ ಎಂದು ಕರೆಯೋಣ.
ಆ ಹೆಸರಿನವರು ನಮ್ಮ ದ್ವೀಪದಲ್ಲಿ ಯಾರೂ ಇಲ್ಲ,
ಗೋರಿಕಲ್ಲುಗಳನ್ನೂ ಓದಿ ಬಂದೇ ಇಟ್ಟ ಹೆಸರು.
ದೋಣಿಯ ಬಣ್ಣ ಬದಲಿಸಿದ್ದೇನೆ. ವಯಸ್ಸನ್ನು
ಹಿಂದಕ್ಕೋ ಮುಂದಕ್ಕೋ ಸರಿಸಿದ್ದೇನೆ, ಎಷ್ಟೆಂದು ಕೇಳಬೇಡಿ.
ಕಸುಬು ಮಾತ್ರ ಹಾಗೇ ಇದೆ. ಇಲ್ಲಿ ಎಲ್ಲರೂ ಮೀನುಗಾರರೇ.

ಫಾರೋ ದ್ವೀಪಗಳಲ್ಲಿ ನಮ್ಮದು ಕಡೆಯ ಸಾಲಿನದು:
ಒಂದು ಅಂಗಡಿ, ಒಂದು ಚರ್ಚು, ಒಂದು ಧಕ್ಕೆ,
ಆರುನೂರ ಹನ್ನೊಂದು ಜನ, ಕುರಿಗಳಿಗೆ ಲೆಕ್ಕವಿಲ್ಲ.
ಮರಗಳಿಲ್ಲ. ಯಾರು ಎಲ್ಲಿಗೆ ನಡೆದರೂ
ಗುಡ್ಡದ ತುದಿಯಿಂದ ಕಾಣುತ್ತದೆ.
ಅದಕ್ಕೇ ನನ್ನ ಕೋಣೆಗೆ ಎರಡು ಬಾಗಿಲು:
ಒಂದು ಬೀದಿಗೆ,
ಒಂದು ಮೀನು ಒಣಗಿಸುವ ಶೆಡ್ಡಿನ ಹಿಂದಕ್ಕೆ.
ಹಿಂಬಾಗಿಲಿನಿಂದ ಬಂದವರ ಅಂಗಿಗೆ
ಆ ವಾಸನೆ ಅಂಟುತ್ತದೆ,
ಊರಿಗೆ ಅದರಿಂದಲೇ ಗೊತ್ತಾಗುತ್ತದೆ.

ಮೊದಲ ದಿನ ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ.
ಆದರೆ ನೀನು ನಿನ್ನ ಜೀವ ತೆಗೆಯಹೊರಟರೆ,
ಇನ್ನೊಬ್ಬರ ಜೀವಕ್ಕೆ ಕೈ ಹಾಕಿದರೆ,
ಒಂದು ಮಗುವಿಗೆ ನೋವಾಗುತ್ತಿದ್ದರೆ
ನಾನು ಬಾಯಿ ಬಿಡಲೇಬೇಕು.
ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟು ನಕ್ಕ:
"ಮೂರು ತೂತಿನ ದೋಣಿ ಇದು, ರನ್ವಾ.
ಹತ್ತು ಅಂತೀಯಲ್ಲ, ಅದೂ ನನಗೆ."
ತೂತು ಎಲ್ಲೆಲ್ಲಿವೆ ಎಂದು ತೋರಿಸಿಯೇ
ಹತ್ತಿಸಿಕೊಳ್ಳುತ್ತಿದ್ದೇನೆ, ಅಂದೆ.
ಗಡಿಯಾರ ನೋಡಿದ. ಸಹಿ ಹಾಕಿದ.
ಆಮೇಲೆ ನಲವತ್ತು ನಿಮಿಷ ಮಾತಿಲ್ಲ.
ಮೌನಕ್ಕೂ ನಾನು ಅದೇ ಶುಲ್ಕ ತೆಗೆದುಕೊಳ್ಳುತ್ತೇನೆ.

ಮುಂದಿನ ವಾರಗಳಲ್ಲಿ ಏನು ಹೇಳಿದ?
ಅದಕ್ಕಾಗಿಯೇ ಇಷ್ಟು ದೂರ ಓದಿ ಬಂದಿರಿ, ಗೊತ್ತು.

ಈ ಪದ್ಯದಲ್ಲಿ ಆ ಜಾಗ ಖಾಲಿ.

ಒಂದು ಶನಿವಾರ ಅಂಗಡಿಯಲ್ಲಿ ಅವನ ತಾಯಿ
ಆಲೂಗಡ್ಡೆಯ ಬುಟ್ಟಿಯ ಬಳಿ ನನ್ನ ತೋಳು ಹಿಡಿದರು.
ಚಿಕ್ಕಂದಿನಲ್ಲಿ ನನಗೆ ಹೆಣಿಗೆ ಕಲಿಸಿದ ಕೈ,
ಅಥವಾ ಹೆಣಿಗೆಯಲ್ಲ, ಬೇರೇನೋ.
"ಅವನಿಗೆ ನಿದ್ದೆ ಬರ್ತದಾ? ಅಷ್ಟು ಹೇಳು ಸಾಕು."
ಹೇಳಬಹುದಿತ್ತು. ಒಂದು ಹೂಂ.
ಅವನು ಬರುತ್ತಾನೆಂದೂ ಬರುವುದಿಲ್ಲವೆಂದೂ
ಹೇಳುವಂತಿಲ್ಲದ ಬಾಯಲ್ಲಿ
"ಈ ವಾರ ಆಲೂಗಡ್ಡೆ ಚೆನ್ನಾಗಿವೆ" ಅಂದೆ.
ಅವರು ಕೈ ಬಿಟ್ಟರು.
ಅಂದಿನಿಂದ ಚರ್ಚಿನಲ್ಲಿ ನನಗಿಂತ
ಎರಡು ಬೆಂಚು ಹಿಂದೆ ಕೂರುತ್ತಾರೆ.
ನಿಯಮ ಸರಿ. ಆದರೆ ನಿಯಮಕ್ಕೆ ಬೆನ್ನಿಲ್ಲ,
ಅವರ ನೋಟ ತಾಕುವುದು ನನ್ನ ಬೆನ್ನಿಗೆ.

ಹದಿನೈದು ದಿನಕ್ಕೊಮ್ಮೆ ರಾಜಧಾನಿಗೆ ಫೋನು.
ಕೇಳುವವಳ ಮಾತು ಕೇಳಲೂ ಒಬ್ಬಳು ಬೇಕು: ಬಿರ್ಟಾ, ಹಿರಿಯಳು.
"ಒಬ್ಬ ವ್ಯಕ್ತಿ" ಅನ್ನುತ್ತೇನೆ, "ಒಂದು ಊರು" ಅನ್ನುತ್ತೇನೆ.
ಅವಳು ಕೇಳಿದಳು: ಅವನು ಉಳಿಯಬೇಕೆಂಬ ಹಟ
ಅವನದೋ, ನಿನ್ನದೋ?
ಆ ರಾತ್ರಿ ಊಟ ಸೇರಲಿಲ್ಲ.

ಕ್ರಿಸ್‌ಮಸ್ಸಿಗೆ ಗಾಳಿಯಲ್ಲಿ ಒಣಗಿಸಿದ ಕುರಿಯ ತೊಡೆ ತಂದ.
ಉಡುಗೊರೆ ಕೂಡದು, ಎಂದಿತು ಪುಸ್ತಕ.
ಕೊಟ್ಟ ಮಾಂಸ ತಿರುಗಿಸಿದರೆ
ಮೂರು ತಲೆಮಾರಿನ ಮುನಿಸು, ಎಂದಿತು ದ್ವೀಪ.
ಚಾಕು ತಂದೆ. ಇಬ್ಬರೂ ಒಂದೊಂದು ಚೂರು ತಿಂದೆವು,
ಉಳಿದದ್ದನ್ನು ಅವನ ಕೈಗೇ ಕೊಟ್ಟೆ.
ನಮ್ಮಲ್ಲಿ ಅದಕ್ಕೆ ಉಪ್ಪು ಹಾಕುವುದಿಲ್ಲ, ಗಾಳಿಯೇ ಸಾಕು;
ಆದ್ದರಿಂದ ಉಪ್ಪಿನ ಋಣವಿಲ್ಲ ಎಂದು ಸಮಾಧಾನ ಮಾಡಿಕೊಂಡೆ.
ದಾಖಲೆಯಲ್ಲಿ ಬರೆದೆ: ಮಾಂಸ, ಒಂದು ಚೂರು.

ಫೆಬ್ರುವರಿಯ ಒಂದು ರಾತ್ರಿ
ಮೂರರಲ್ಲಿ ಒಂದು ತೂತನ್ನು ನಾನೇ ತೆರೆದೆ.
ಯಾವುದೆಂದು ಹೇಳಲಾರೆ.
ಹೆಲಿಕಾಪ್ಟರಿನ ದೀಪ ಊರಿನ ಕಿಟಕಿಗಳನ್ನೆಲ್ಲ
ಒಂದೊಂದಾಗಿ ಎಬ್ಬಿಸಿತು.
ಹತ್ತುವ ಮುಂಚೆ ಅವನು ನನ್ನತ್ತ ನೋಡಿದ ನೋಟ
ಯಾವ ಕಡತದಲ್ಲೂ ಇಲ್ಲ.

ಮರಳಿ ಬಂದ ಮೇಲೂ ಅಂಗಡಿಯಲ್ಲಿ ಎದುರಾದರೆ
ನಾನಾಗಿ ಮಾತಾಡಿಸುವಂತಿಲ್ಲ,
ಗುರುತು ಹಿಡಿಯುವ ಹಕ್ಕು ಅವನದು.
ಅವನು ಬಿಸ್ಕತ್ತಿನ ಬೆಲೆ ಓದುತ್ತಿದ್ದ,
ಬಹಳ ಹೊತ್ತು.

ಜುಲೈಯಲ್ಲಿ, ಮಂಜು ಧಕ್ಕೆಯವರೆಗೂ ಇಳಿದ ಬೆಳಿಗ್ಗೆ
ಬಾಗಿಲು ಸದ್ದಾಯಿತು. ಬೀದಿಯ ಬಾಗಿಲು.
ಕೂತ. ಟೋಪಿ ಮಂಡಿಯ ಮೇಲೆ.
"ಆ ಮೂರನ್ನು ಇನ್ನೊಮ್ಮೆ ಹೇಳು" ಅಂದ.
ಹೇಳಿದೆ,
ಮೊದಲ ದಿನಕ್ಕಿಂತ ನಿಧಾನವಾಗಿ.